ಹೊಸ ನಂ. 4 ಮಾದರಿಯ 7.62 ಬೋಲ್ಟ್ ರೈಫಲ್: ರೇಂಜಿನಲ್ಲಿ ಪರೀಕ್ಷೆ ಯಾವ ಕ್ರಮದಲ್ಲಿ?

ಬಿದಿರುಮೆಳೆ (ಕ್ವೀನ್ಸ್‌ಲ್ಯಾಂಡ್)

ಎಲ್ಲರಿಗೂ ನಮಸ್ಕಾರ. ನನ್ನದು ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ನಂ. 4 ಮಾದರಿಯಲ್ಲಿ ಹೊಸದಾಗಿ ತಯಾರಾದ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎಳೆಯುವಂಥದ್ದು). ಹಳೆಯ ಸೇನಾ ರೈಫಲನ್ನು ರಿಪೇರಿ ಮಾಡಿದ್ದಲ್ಲ, ಹೊಸ ರಿಸೀವರ್ (ಬೋಲ್ಟ್ ಓಡುವ ಚೌಕಟ್ಟು), ಹೊಸ ಬ್ಯಾರೆಲ್. 7.62×51 ನ್ಯಾಟೋ ತೋಟಾ ಕೂರುವ ಚೇಂಬರ್, ಹತ್ತು ತೋಟಾದ ಮ್ಯಾಗಜೀನ್, ಮರದ ಸ್ಟಾಕ್, ತೆಳು ಬ್ಯಾರೆಲ್, ಹಿಂದೆ ಮೈಕ್ರೋಮೀಟರ್ ಅಪರ್ಚರ್ ಸೈಟ್, ಮುಂದೆ ಬ್ಲೇಡ್. ಪ್ರೂಫ್ ಮುದ್ರೆ ಇದೆ. ಇಲ್ಲಿನ ಕಾನೂನಿನಲ್ಲಿ ಇದು ಕೆಟಗರಿ ಬಿ, ಅದಕ್ಕೆ ಬೇಕಾದ ಕಾಗದಗಳೆಲ್ಲ ಸರಿ ಇವೆ.

100 ಮೀಟರ್‌ನಲ್ಲಿ ಬೆಂಚ್ ಮೇಲಿಂದ ಹೊಡೆದಾಗ ಕಂಡದ್ದು ಮೂರು. ಒಂದು, ಬ್ಯಾರೆಲ್ ಬಿಸಿಯಾಗುತ್ತಾ ಹೋದಂತೆ ಗುಂಡುಗಳು ಒಂದರ ಮೇಲೊಂದು ಲಂಬವಾಗಿ ಏರುತ್ತವೆ. ಎರಡು, ಹಿಂದಿನ ಸೈಟ್ 200 ಗಜದ ಅಂಕಿಯಲ್ಲಿದ್ದರೂ ಗ್ರೂಪಿನ (ಒಟ್ಟಿಗೆ ಹೊಡೆದ ಗುಂಡುಗಳ ತೂತುಗಳ ಗುಂಪಿನ) ನಡುಬಿಂದು ಗುರಿಗಿಂತ ಸುಮಾರು 55 ಮಿ.ಮೀ. ಕೆಳಗಿದೆ. ಮೂರು, ಮ್ಯಾಗಜೀನ್ ಪೂರ್ತಿ ತುಂಬಿದಾಗ ಮೊದಲ ತೋಟಾ ಆಗಾಗ ಚೇಂಬರಿನ ಬಾಯಿಗೆ ತಾಗಿ ನಿಲ್ಲುತ್ತದೆ. ಯಾವುದನ್ನು ಮೊದಲು ನೋಡಬೇಕು?

ಆರ್ಮರರ್_ಹಾಸನ

ಮೂರೂ ಬೇರೆ ಬೇರೆ ರೋಗ, ಒಂದೇ ದಿನ ಮೂರಕ್ಕೂ ಕೈ ಹಾಕಬೇಡಿ. ಅದಕ್ಕೂ ಮೊದಲು ಸುರಕ್ಷತೆಯ ತಪಾಸಣೆ. ಪ್ರೂಫ್ ಮುದ್ರೆ ಇದೆ ಅಂದರೆ ಹೆಚ್ಚಿನ ಒತ್ತಡದ ತೋಟಾವನ್ನು ಆ ಆಕ್ಷನ್ (ಬೋಲ್ಟ್, ರಿಸೀವರ್ ಸೇರಿದ ಭಾಗ) ಒಮ್ಮೆ ತಡೆದುಕೊಂಡಿದೆ ಎಂದಷ್ಟೇ. ಯುರೋಪಿನ ಸಿಐಪಿ (ಬಂದೂಕು-ತೋಟಾ ಪರೀಕ್ಷೆಯ ಸಂಸ್ಥೆ) ಪದ್ಧತಿಯಲ್ಲಿ ರೈಫಲಿನ ಪ್ರೂಫ್ ಒತ್ತಡ ಗರಿಷ್ಠ ಒತ್ತಡದ 125%. ಪ್ರೂಫ್ ಆದ ಮೇಲೆ ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ಚೇಂಬರಿನಲ್ಲಿ ತೋಟಾವನ್ನು ತಡೆಯುವ ಜಾಗಕ್ಕೂ ನಡುವಿನ ಅಂತರ) ಹಿಗ್ಗಿಲ್ಲ ಎಂಬುದನ್ನು ನೀವೇ ಗೇಜ್ ಹಾಕಿ ನೋಡಬೇಕು.

ನಂ. 4ರ ಮೂಲ ತೋಟಾ .303ರಲ್ಲಿ ಹೆಡ್‌ಸ್ಪೇಸ್ ಲೆಕ್ಕ ತೋಟಾದ ರಿಮ್ಮಿನ (ಬುಡದಲ್ಲಿ ಚಾಚಿದ ಅಂಚಿನ) ಮೇಲೆ. 7.62ರಲ್ಲಿ ಭುಜದ ಮೇಲೆ. ಹಾಗಾಗಿ .303ರ ಗೇಜ್ ಇಲ್ಲಿ ಉಪಯೋಗಕ್ಕಿಲ್ಲ. 7.62ರ ನಾಗರಿಕ ಜೋಡಿಯಾದ .308 ವಿಂಚೆಸ್ಟರ್‌ನ ಗೇಜ್ ತೆಗೆದುಕೊಳ್ಳಿ: ಗೋ 1.630 ಇಂಚು, ನೋ-ಗೋ 1.634, ಫೀಲ್ಡ್ 1.638. ಎಕ್ಸ್‌ಟ್ರಾಕ್ಟರನ್ನು ಬಿಚ್ಚಿ, ಚೇಂಬರನ್ನೂ ಬೋಲ್ಟ್ ಮುಖವನ್ನೂ ಒಣಬಟ್ಟೆಯಲ್ಲಿ ಒರೆಸಿ, ಬೋಲ್ಟ್ ಹಿಡಿಯನ್ನು ಎರಡೇ ಬೆರಳಲ್ಲಿ ಇಳಿಸಿ. ಗೋ ಮೇಲೆ ಸಲೀಸಾಗಿ ಮುಚ್ಚಬೇಕು, ನೋ-ಗೋ ಮೇಲೆ ಪೂರ್ತಿ ಮುಚ್ಚಬಾರದು. ಬಲ ಹಾಕಿದರೆ ಆ ಅಳತೆಗೆ ಬೆಲೆಯಿಲ್ಲ. ಫೀಲ್ಡ್ ಮೇಲೂ ಮುಚ್ಚಿದರೆ ಇನ್ನೊಂದು ಗುಂಡೂ ಹೊಡೆಯದೆ ತಯಾರಕರಿಗೆ ವಾಪಸ್ ಕಳಿಸಿ.

ಆಮೇಲೆ ಲಗ್ಗುಗಳು, ಅಂದರೆ ಬೋಲ್ಟನ್ನು ರಿಸೀವರಿಗೆ ಬೀಗ ಹಾಕುವ ಚಾಚುಗಳು. ಲೀ ಆಕ್ಷನ್ನಿನಲ್ಲಿ ಬೀಗ ಬೀಳುವುದು ಬೋಲ್ಟಿನ ಹಿಂಭಾಗದಲ್ಲಿ. ಎಡಗಡೆಯ ಲಗ್, ಬಲಗಡೆಯ ಉದ್ದನೆಯ ರಿಬ್, ಎರಡೂ ರಿಸೀವರಿಗೆ ಸಮವಾಗಿ ಒರಗಬೇಕು. ಪ್ರಷ್ಯನ್ ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ತೆಳುವಾಗಿ ಹಚ್ಚಿ, ಗೋ ಗೇಜ್ ಇಟ್ಟುಕೊಂಡು ಬೋಲ್ಟನ್ನು ಮುಚ್ಚಿ ತೆಗೆಯಿರಿ. ಒಂದೇ ಕಡೆ ಬಣ್ಣ ಅಳಿಸಿದ್ದರೆ ಹೊಡೆತದ ಭಾರವೆಲ್ಲ ಒಂದೇ ಬದಿಗೆ ಬೀಳುತ್ತಿದೆ. ಆಗ ಗ್ರೂಪು ಪಕ್ಕಕ್ಕೆ ಹರಡುತ್ತದೆ. ಬೆಡ್ಡಿಂಗ್ (ಲೋಹ ಮರದಲ್ಲಿ ಕೂರುವ ರೀತಿ) ಎಷ್ಟು ಸರಿಮಾಡಿದರೂ ಅದು ಹೋಗುವುದಿಲ್ಲ. ಲಗ್ ಉಜ್ಜುವ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ, ಪರವಾನಗಿ ಇರುವ ಗನ್‌ಸ್ಮಿತ್‌ಗೆ ಕೊಡಿ.

ಧಾರವಾಡದವ

ಆರ್ಮರರ್ ಸರ್, ತೋಟಾ ಯಾವುದು ಅಂತ ಕೇಳೋದು ಉಳೀತಲ್ರೀ. ಈ ಆಕ್ಷನ್ ಮೂಲದಾಗ .303ಕ್ಕ ಹುಟ್ಟಿದ್ದು. ಅಮೆರಿಕಾದ ಬಂದೂಕು-ತೋಟಾ ತಯಾರಕರ ಸಂಸ್ಥೆ ಸಾಮಿ ಪ್ರಕಾರ .303ರ ಗರಿಷ್ಠ ಒತ್ತಡ 49,000 ಪಿಎಸ್‌ಐ, .308ರದು 62,000. ವ್ಯತ್ಯಾಸ ಸಣ್ಣದಲ್ಲ. ಹಳೇ ನಂ. 4 ರೈಫಲ್‌ಗಳನ್ನ 7.62ಕ್ಕ ಬದಲಿಸಿಕೊಂಡವರಿಗೆ ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಇದೇ ವಿಷಯಕ್ಕ ಎಚ್ಚರಿಕೆ ಕೊಟ್ಟಿತ್ತು.

ಬಿದಿರುಮೆಳೆ

ಸದ್ಯ ಹೊಡೆಯುತ್ತಿರುವುದು 147 ಗ್ರೇನಿನ ನ್ಯಾಟೋ ಮಟ್ಟದ ಬಾಲ್ (ಸಾದಾ ಸೇನಾ ತೋಟಾ). ಜೊತೆಗೆ 168 ಗ್ರೇನಿನ ಮ್ಯಾಚ್ ತೋಟಾ ಒಂದು ಪೆಟ್ಟಿಗೆ ಇದೆ, ಅದನ್ನು ಇನ್ನೂ ಒಡೆದಿಲ್ಲ. ಕೈಪಿಡಿಯಲ್ಲಿ "7.62 ನ್ಯಾಟೋ" ಅಂತ ಮಾತ್ರ ಇದೆ, .308ರ ಮಾತೇ ಇಲ್ಲ.

ಆರ್ಮರರ್_ಹಾಸನ

ಹಾಗಾದರೆ ಉತ್ತರ ಕೈಪಿಡಿಯಲ್ಲೇ ಇದೆ. ತಯಾರಕರು .308 ಹೊಡೆಯಬಹುದೆಂದು ಬರವಣಿಗೆಯಲ್ಲಿ ಹೇಳುವವರೆಗೆ ಬೇಟೆಯ .308 ತೋಟಾ ಬೇಡ. ಮ್ಯಾಚ್ ತೋಟಾವೂ ಅಷ್ಟೇ, ಪೆಟ್ಟಿಗೆ ಒಡೆಯುವ ಮೊದಲು ಅವರಿಗೊಂದು ಇಮೇಲ್ ಹಾಕಿ. ಹೊಸ ಉಕ್ಕು, ಹೊಸ ಹದ ಎನ್ನುವುದು ನಿಜವಿರಬಹುದು. ಆದರೆ ನಾವು ಊಹಿಸಿಕೊಂಡು ಚೇಂಬರಿಗೆ ತುಂಬುವ ವಿಷಯವಲ್ಲ ಇದು.

ಹಿಂದೆ ಬೀಗ ಬೀಳುವ ಆಕ್ಷನ್ನಿಗೆ ಇನ್ನೊಂದು ಗುಣವಿದೆ. ತೋಟಾ ಒದ್ದೆಯಾಗಿದ್ದರೆ ಅಥವಾ ಚೇಂಬರಿನಲ್ಲಿ ಎಣ್ಣೆ ಉಳಿದಿದ್ದರೆ ಕೇಸು (ತೋಟಾದ ಹಿತ್ತಾಳೆ ಕೋಶ) ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿಯುವುದಿಲ್ಲ, ಪೂರ್ತಿ ಒತ್ತು ಬೋಲ್ಟ್ ಮುಖದ ಮೇಲೆ ಬೀಳುತ್ತದೆ. ಬೋಲ್ಟೂ ರಿಸೀವರೂ ಆಗ ಹೆಚ್ಚು ಮಣಿಯುತ್ತವೆ, ಗುಂಡು ಬೀಳುವ ಜಾಗವೂ ಸರಿಯುತ್ತದೆ. ಪೆಟ್ಟಿಗೆಯಿಂದ ಬಂದ ಹೊಸ ರೈಫಲಿನ ಚೇಂಬರಿನಲ್ಲಿ ತುಕ್ಕು ತಡೆಯುವ ಗ್ರೀಸ್ ಅಂಟಿರುವುದು ತೀರಾ ಸಾಮಾನ್ಯ. ಸಾಲ್ವೆಂಟಿನಲ್ಲಿ ತೊಳೆದು ಒಣ ಪ್ಯಾಚ್ ಶುಭ್ರವಾಗಿ ಹೊರಬರುವ ತನಕ ಒರೆಸಿ.

ಹೊಡೆದ ಕೇಸುಗಳನ್ನು ಎಸೆಯದೆ ಕ್ರಮವಾಗಿ ಡಬ್ಬಿಯಲ್ಲಿ ಜೋಡಿಸಿಡಿ, ಬೇಕಾದ ವಿವರವೆಲ್ಲ ಅವುಗಳ ಮೇಲೇ ಇರುತ್ತದೆ. ಪ್ರೈಮರ್ (ಕೇಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಹಿಂದಕ್ಕೆ ಉಬ್ಬಿ ಹೊರಬಂದಿದ್ದರೆ ಹೆಡ್‌ಸ್ಪೇಸ್ ಜಾಸ್ತಿ, ಒತ್ತಡ ಕಡಿಮೆ. ಪ್ರೈಮರ್ ಅಂಚು ಚಪ್ಪಟೆಯಾಗಿ ಪಾಕೆಟ್ ತುಂಬಿಕೊಂಡಿದ್ದು ಬೋಲ್ಟ್ ಎತ್ತಲು ಕಷ್ಟವಾದರೆ ಒತ್ತಡ ಜಾಸ್ತಿ. ಕೇಸಿನ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಕಂಡರೆ ಒಳಗಡೆ ಲೋಹ ತೆಳುವಾಗುತ್ತಿದೆ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗಿನಿಂದ ಸವರಿ ನೋಡಿ, ತೋಡು ಸಿಕ್ಕರೆ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಮಾಡರೇಟರ್

ಪರೀಕ್ಷೆಯ ದಿನಕ್ಕೆ ಸಂಬಂಧಿಸಿ ಎರಡು ಮಾತು ಸೇರಿಸುತ್ತೇನೆ. ಮೊದಲ ಐದು ಗುಂಡು ಮ್ಯಾಗಜೀನಿನಿಂದ ಬೇಡ. ಒಂದೊಂದೇ ತುಂಬಿ, ಹೊಡೆದು, ಕೇಸು ನೋಡಿ, ಆಮೇಲೆ ಮುಂದಿನದು. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ಬೋಲ್ಟ್ ತೆರೆಯದೆ, ನಳಿಗೆ ಗುರಿಯತ್ತಲೇ ಇರುವಂತೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ನಿಮ್ಮ ರೇಂಜಿನ ನಿಯಮದಲ್ಲಿ ಹೆಚ್ಚು ಹೊತ್ತು ಎಂದಿದ್ದರೆ ಅಷ್ಟು ಹೊತ್ತು. ಹೊಡೆದ ಸದ್ದು ಮಂಕಾಗಿ ಕೇಳಿದರೆ ಬ್ಯಾರೆಲ್ಲಿನಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ಅಂತ ನೋಡದೆ ಇನ್ನೊಂದು ತೋಟಾ ತುಂಬಲೇಬಾರದು.

ಆರ್ಮರರ್_ಹಾಸನ

ಈಗ ಲಂಬವಾಗಿ ಏರುವ ಗ್ರೂಪು. ಇಷ್ಟು ಕೇಳಿದ ಮಟ್ಟಿಗೆ ನನ್ನ ಅನುಮಾನ ಫೋರ್‌ಎಂಡಿನ (ಬ್ಯಾರೆಲ್ ಕೆಳಗಿನ ಮರದ) ಮೇಲೆ. ನಂ. 4ರ ತೆಳು ಬ್ಯಾರೆಲ್ ಮರದ ಮೇಲೆ ಕೂರುವುದಕ್ಕೆ ಒಂದು ನಿಶ್ಚಿತ ಪದ್ಧತಿ ಇದೆ. ಚೇಂಬರಿನ ಮುಂದಿನ ದಪ್ಪ ಭಾಗ ಮರದ ಮೇಲೆ ಗಟ್ಟಿಯಾಗಿ ಕೂರಬೇಕು. ನಡುವೆ ಎಲ್ಲೂ ತಾಗಬಾರದು. ಮೂತಿಯ ಹತ್ತಿರ ಫೋರ್‌ಎಂಡಿನ ತುದಿ ಬ್ಯಾರೆಲನ್ನು ಮೇಲಕ್ಕೆ ಒತ್ತಬೇಕು, ಆ ಒತ್ತು 2ರಿಂದ 7 ಪೌಂಡು, ಅಂದರೆ ಸುಮಾರು ಒಂದರಿಂದ ಮೂರು ಕಿಲೋ.

ಅಳೆಯುವುದು ಸುಲಭ. ಮೇಲಿನ ಹ್ಯಾಂಡ್‌ಗಾರ್ಡ್ ತೆಗೆದು, ಮೂತಿಯ ಕಡೆ ಬ್ಯಾರೆಲ್ಲಿಗೂ ಮರಕ್ಕೂ ನಡುವೆ ತೆಳು ಕಾಗದದ ಪಟ್ಟಿ ತೂರಿಸಿ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಬ್ಯಾರೆಲ್ಲಿಗೆ ಹಾಕಿ ನೇರ ಮೇಲಕ್ಕೆ ಎಳೆಯಿರಿ. ಕಾಗದ ಸಡಿಲವಾಗಿ ಜಾರುವ ಕ್ಷಣಕ್ಕೆ ತಕ್ಕಡಿ ತೋರಿಸುವ ತೂಕವೇ ಆ ಒತ್ತು. ಒತ್ತು ಮಿತಿಮೀರಿದ್ದರೆ, ಅಥವಾ ಬ್ಯಾರೆಲ್ ಬಿಸಿಗೆ ಹಿಗ್ಗಿ ನಡುವೆ ಮರಕ್ಕೆ ತಾಗುತ್ತಿದ್ದರೆ, ನೀವು ಹೇಳಿದಂತೆಯೇ ಗುಂಡು ಮೇಲೆ ಮೇಲೆ ಹೋಗುತ್ತದೆ. ನಡುಭಾಗಕ್ಕೂ ಅದೇ ಕಾಗದ ಸಾಕು, ಉದ್ದಕ್ಕೂ ಅಡ್ಡಿಯಿಲ್ಲದೆ ಸರಿಯಬೇಕು. ಬ್ಯಾರೆಲ್ ಬೆಚ್ಚಗಿದ್ದಾಗಲೂ ಒಮ್ಮೆ ಹಾಯಿಸಿ ನೋಡಿ.

ಹಿಂದುಗಡೆ "ಡ್ರಾ" ಅನ್ನುವ ಎರಡು ಒರಗುಗಳಿವೆ. ಹೊಡೆದಾಗ ರಿಸೀವರ್ ಹಿಮ್ಮೆಟ್ಟಿ ಮರಕ್ಕೆ ಒತ್ತುವುದು ಅಲ್ಲೇ. ಎರಡೂ ಕಡೆ ಒಂದೇ ಸಮ ತಾಗಬೇಕು, ಇದಕ್ಕೂ ಬ್ಲೂ ಹಚ್ಚಿ ನೋಡಬಹುದು. ಹೊಸ ತಯಾರಿಕೆಗಳಲ್ಲಿ ಸ್ಟಾಕ್ ಯಂತ್ರದಲ್ಲಿ ಕಡೆದು ಬರುತ್ತದೆ, ಕೈಯಲ್ಲಿ ಕೂರಿಸುವ ಕೆಲಸ ಹೆಚ್ಚಾಗಿ ಆಗಿರುವುದಿಲ್ಲ. ಮುಂದಿನ ಟ್ರಿಗರ್‌ಗಾರ್ಡ್ ಸ್ಕ್ರೂ ಹೋಗುವ ತೂತಿನ ಒಳಗೆ ಲೋಹದ ಕಾಲರ್ ಇದೆಯೇ ಅದನ್ನೂ ನೋಡಿ. ಕಾಲರ್ ಇಲ್ಲದಿದ್ದರೆ ಸ್ಕ್ರೂ ಬಿಗಿಮಾಡಿದಷ್ಟೂ ಮರ ಜಜ್ಜುತ್ತದೆ. ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಜೀರೋ (ಗುರಿ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಬದಲಾಗುತ್ತದೆ.

ತುಂಗಾತೀರ

ಇಷ್ಟೆಲ್ಲ ತೊಂದರೆ ಯಾಕೆ, ಬ್ಯಾರೆಲ್ ಪೂರ್ತಿ ಫ್ರೀ-ಫ್ಲೋಟ್ (ಮರಕ್ಕೆ ಎಲ್ಲೂ ತಾಗದಂತೆ) ಮಾಡಿಬಿಟ್ಟರೆ ಆಗದೇ? ಈಗಿನ ಟಾರ್ಗೆಟ್ ರೈಫಲ್‌ಗಳೆಲ್ಲ ಹಾಗೇ ಇರುತ್ತವೆ.

ಆರ್ಮರರ್_ಹಾಸನ

ಬ್ಯಾರೆಲ್ ದಪ್ಪಗಿದ್ದರೆ ಆಗುತ್ತದೆ. 1960ರ ದಶಕದಲ್ಲಿ ಬ್ರಿಟಿಷರು ನಂ. 4 ರೈಫಲ್‌ಗಳನ್ನು ಎಲ್8 ಎಂಬ ಹೆಸರಿನಲ್ಲಿ 7.62ಕ್ಕೆ ಬದಲಿಸಲು ಹೋಗಿ, ನಿಖರತೆ ಒಂದೇ ಸಮ ಬರದೆ ಕೈಬಿಟ್ಟರು. ಆಮೇಲೆ ಬಂದ ಎಲ್39ಎ1 ಟಾರ್ಗೆಟ್ ರೈಫಲ್, 1970ರ ಎಲ್42ಎ1 ಸ್ನೈಪರ್ ಎರಡರಲ್ಲೂ ದಪ್ಪ ಬ್ಯಾರೆಲ್ ಹಾಕಿ ಮರವನ್ನು ಮೊಟಕು ಮಾಡಿ ಫ್ಲೋಟ್ ಮಾಡಿದರು, ಅವು ಚೆನ್ನಾಗಿ ಹೊಡೆದವು. ತೆಳು ಬ್ಯಾರೆಲನ್ನು ಹಾಗೇ ಫ್ಲೋಟ್ ಮಾಡಿದರೆ ಅದರ ಕಂಪನಕ್ಕೆ ಕಡಿವಾಣವಿರುವುದಿಲ್ಲ, ಗ್ರೂಪು ಇನ್ನೂ ದೊಡ್ಡದಾಗುವುದೇ ಹೆಚ್ಚು. ತೆಗೆದ ಮರವನ್ನು ಮತ್ತೆ ಹಾಕಲಾಗುವುದಿಲ್ಲ. ಆದ್ದರಿಂದ ಅಳತೆ ಮೊದಲು, ಉಜ್ಜುಕಾಗದ ಆಮೇಲೆ.

ಇನ್ನೊಂದು: ಟ್ರಿಗರ್ ಯಾವುದಕ್ಕೆ ನೇತುಬಿದ್ದಿದೆ ಎಂದು ನೋಡಿ ಹೇಳಿ. ನಂ. 4 ಮಾರ್ಕ್ 1ರಲ್ಲಿ ಟ್ರಿಗರ್ ಕೂತಿರುವುದು ಟ್ರಿಗರ್‌ಗಾರ್ಡಿನಲ್ಲಿ. ಮಳೆಗಾಲದಲ್ಲಿ ಮರ ಉಬ್ಬಿದರೆ ಗಾರ್ಡು ಕದಲಿ ಎಳೆತದ ತೂಕವೇ ಬದಲಾಗುತ್ತಿತ್ತು. ಮಾರ್ಕ್ 2ರಲ್ಲಿ ಅದನ್ನು ರಿಸೀವರಿಗೇ ತೂಗುಹಾಕಿದರು. ನಿಮ್ಮದು ಮಾರ್ಕ್ 2ರ ಹಾಗಿದ್ದರೆ ಕ್ವೀನ್ಸ್‌ಲ್ಯಾಂಡಿನ ತೇವದಲ್ಲೂ ಟ್ರಿಗರಿನ ಚಿಂತೆಯಿಲ್ಲ. ಎಳೆತದ ಮೊದಲ ಹಂತ 3ರಿಂದ 4 ಪೌಂಡು, ಎರಡನೆಯದು 5ರಿಂದ 6.5 ಪೌಂಡು ಇರಬೇಕು.

ಬಿದಿರುಮೆಳೆ

ಟ್ರಿಗರ್ ರಿಸೀವರಿಗೇ ಇದೆ. ಕಾಗದ ಹಾಯಿಸಿ ನೋಡಿದೆ, ಬ್ಯಾರೆಲ್ ತಣ್ಣಗಿದ್ದಾಗ ಸರಾಗ. ಬೆಚ್ಚಗಾದಾಗ ನಡುಬ್ಯಾಂಡಿನ ಹತ್ತಿರ ಬಲಗಡೆ ಹಿಡಿಯುತ್ತದೆ. ಮೂತಿಯ ಒತ್ತು ಐದು ಪೌಂಡಿನ ಆಸುಪಾಸು.

ಆರ್ಮರರ್_ಹಾಸನ

ಕಳ್ಳ ಸಿಕ್ಕ ಹಾಗಾಯಿತು. ಮೂತಿಯ ಒತ್ತು ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಮೊದಲು ನಡುಬ್ಯಾಂಡಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ಹೊಡೆದು ನೋಡಿ. ಬ್ಯಾಂಡೇ ಮರವನ್ನು ಬ್ಯಾರೆಲ್ಲಿಗೆ ಒತ್ತುತ್ತಿದ್ದರೆ ಅಷ್ಟರಲ್ಲೇ ತಿಳಿಯುತ್ತದೆ. ಸರಿಹೋಗದಿದ್ದರೆ ತಾಗುವ ಜಾಗಕ್ಕೆ ಬ್ಲೂ ಹಚ್ಚಿ ಗುರುತು ಮಾಡಿಕೊಂಡು, ದುಂಡನೆಯ ಕೋಲಿಗೆ ಉಜ್ಜುಕಾಗದ ಸುತ್ತಿ ಆ ಗುರುತನ್ನಷ್ಟೇ ತೆಗೆಯಿರಿ. ಮರ ಬತ್ತಲಾದ ಕಡೆ ಅಗಸೆ ಎಣ್ಣೆ ಕುಡಿಸಿ, ಇಲ್ಲದಿದ್ದರೆ ತೇವ ಎಳೆದುಕೊಂಡು ಮತ್ತೆ ಉಬ್ಬುತ್ತದೆ.

ಲೆಕ್ಕದ_ಮೇಷ್ಟ್ರು

ಸೈಟಿನ ವಿಷಯಕ್ಕೆ ಬರೋಣ. 200ರಲ್ಲಿ ಇಟ್ಟುಕೊಂಡು 100 ಮೀಟರ್‌ಗೆ ಹೊಡೆದರೆ ಗುಂಡು ಗುರಿಬಿಂದುವಿಗೇ ಬೀಳಬೇಕೆಂದು ನೀವು ಎಣಿಸಿದ್ದೀರಿ. ಹಾಗಲ್ಲ. 147 ಗ್ರೇನ್ ಬಾಲ್ 200 ಗಜಕ್ಕೆ ಜೀರೋ ಆಗಬೇಕಾದರೆ 100ರಲ್ಲಿ ಸುಮಾರು 50 ಮಿ.ಮೀ. ಮೇಲೆ ಬೀಳಬೇಕು. ನಿಮ್ಮದು 55 ಕೆಳಗೆ ಬೀಳುತ್ತಿದೆ. ಏರಿಸಬೇಕಾದ್ದು 105 ಮಿ.ಮೀ.

ನಂ. 4ರ ಮುಂದಿನ ಬ್ಲೇಡುಗಳು 0.015 ಇಂಚಿನ ಅಂತರದಲ್ಲಿ ಬರುತ್ತವೆ. ಎರಡು ಸೈಟುಗಳ ನಡುವಿನ ದೂರ ಸುಮಾರು 28.7 ಇಂಚು. 0.015ನ್ನು 28.7ರಿಂದ ಭಾಗಿಸಿ 100 ಮೀಟರಿಗೆ ಗುಣಿಸಿದರೆ ಒಂದು ಬ್ಲೇಡಿಗೆ 52 ಮಿ.ಮೀ. ನಿಮಗೆ ಎರಡು ಹಂತ ಗಿಡ್ಡನೆಯ ಬ್ಲೇಡು ಬೇಕು. ಮುಂದಿನ ಬ್ಲೇಡ್ ತಗ್ಗಿದರೆ ಗುಂಡು ಏರುತ್ತದೆ, ಇದನ್ನು ತಿರುವುಮುರುವು ಮಾಡಿಕೊಳ್ಳುವವರು ಬಹಳ. ನಿಮ್ಮ ತಯಾರಕರು ಇದೇ ಅಳತೆಯ ಬ್ಲೇಡು ಹಾಕಿದ್ದಾರೆಯೇ ಎಂದು ಮೊದಲು ಕ್ಯಾಲಿಪರ್‌ನಲ್ಲಿ ನೋಡಿಕೊಳ್ಳಿ.

ಎಡ-ಬಲಕ್ಕೂ ಇದೇ ಲೆಕ್ಕ. ಬ್ಲೇಡು 0.010 ಇಂಚು ಸರಿದರೆ 100 ಮೀಟರಿನಲ್ಲಿ 35 ಮಿ.ಮೀ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಬ್ಲೇಡನ್ನು ಎಡಕ್ಕೇ ಸರಿಸಬೇಕು. ಸುತ್ತಿಗೆ ಬಿಟ್ಟು ಸ್ಕ್ರೂ ಇರುವ ಸೈಟ್ ಕ್ಲ್ಯಾಂಪ್ ಬಳಸಿದರೆ ಎಷ್ಟು ಸರಿಯಿತೆಂದು ಅಳೆಯಬಹುದು.

ಹಿಂದಿನ ಸೈಟಿನ ಅಂಕಿಗಳು .303 ಮಾರ್ಕ್ 7 ತೋಟಾಕ್ಕಾಗಿ ಕೆತ್ತಿದವು. ಅದು 174 ಗ್ರೇನಿನ ಗುಂಡು, ವೇಗ ಸೆಕೆಂಡಿಗೆ 2,440 ಅಡಿ. ನಿಮ್ಮದು ಹಗುರ, ವೇಗ 2,750ರ ಸುತ್ತ. ಹಾಗಾಗಿ 500, 600ರ ಅಂಕಿಗಳನ್ನು ನಂಬದೆ ಪ್ರತಿ ದೂರಕ್ಕೂ ಹೊಡೆದು ನಿಮ್ಮದೇ ಪಟ್ಟಿ ಬರೆದುಕೊಳ್ಳಿ.

ತುಂಗಾತೀರ

ಮೇಷ್ಟ್ರೇ, ಗ್ರೂಪು ಎಷ್ಟು ಬಂದರೆ ಒಳ್ಳೆಯದೆನ್ನಬೇಕು? ಮೂರು ಗುಂಡಿನ ಗ್ರೂಪು ಹಾಕಿ ಒಂದು ಎಂಒಎ (100 ಮೀಟರಿನಲ್ಲಿ ಸುಮಾರು 29 ಮಿ.ಮೀ.) ಅಂತ ಪ್ರಚಾರ ಮಾಡುವ ತಯಾರಕರಿದ್ದಾರೆ.

ಲೆಕ್ಕದ_ಮೇಷ್ಟ್ರು

ಮೂರು ಗುಂಡಿನ ಗ್ರೂಪಿನಿಂದ ಏನೂ ತಿಳಿಯುವುದಿಲ್ಲ. ಗುಂಡಿನ ಸಂಖ್ಯೆ ಹೆಚ್ಚಿದಷ್ಟೂ ಗ್ರೂಪು ಹಿಗ್ಗಲೇಬೇಕು, ಅದು ಗಣಿತ. ಅದೇ ರೈಫಲಿನಲ್ಲಿ ಐದರ ಗ್ರೂಪು ಮೂರರದಕ್ಕಿಂತ ಸರಾಸರಿ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ದೊಡ್ಡದು, ಹತ್ತರದ್ದು ಐದರದಕ್ಕಿಂತ ಮತ್ತೆ ಸುಮಾರು ಕಾಲುಭಾಗ ದೊಡ್ಡದು. ಮೂರರಲ್ಲಿ ಒಂದು ಎಂಒಎ ಅಂದರೆ ಹತ್ತರಲ್ಲಿ ಒಂದೂವರೆಗಿಂತ ಜಾಸ್ತಿ. ಏನೂ ಬದಲಿಸದೆಯೇ ಐದರ ಒಂದು ಗ್ರೂಪು 50 ಮಿ.ಮೀ., ಮುಂದಿನದು 80 ಮಿ.ಮೀ. ಬರಬಹುದು. ಆ 50ನ್ನು ನೋಡಿ ಬೆಡ್ಡಿಂಗ್ ಸರಿಹೋಯಿತು ಅಂದುಕೊಂಡರೆ ಮೋಸಹೋದಂತೆ.

ನನ್ನ ಸಲಹೆ: ಹತ್ತು ಗುಂಡಿನ ಎರಡು ಗ್ರೂಪು, ನಡುವೆ ಬ್ಯಾರೆಲ್ ಕೈಗೆ ತಣ್ಣಗೆ ಹತ್ತುವ ತನಕ ಬಿಡುವು. ತಣ್ಣನೆಯ ಬ್ಯಾರೆಲ್ಲಿನ ಮೊದಲ ಗುಂಡಿಗೆ ಬೇರೆ ಗುರುತು ಹಾಕಿ. ಅತಿ ದೂರದ ಎರಡು ತೂತುಗಳ ಅಳತೆಯ ಬದಲು ನಡುಬಿಂದುವಿನಿಂದ ಪ್ರತಿ ತೂತಿನ ದೂರ ಅಳೆದು ಸರಾಸರಿ ತೆಗೆಯಿರಿ, ಹತ್ತೂ ಗುಂಡು ಲೆಕ್ಕಕ್ಕೆ ಬರುತ್ತವೆ. ಕಬ್ಬಿಣದ ಸೈಟು, ಬಾಲ್ ತೋಟಾ, ತೆಳು ಬ್ಯಾರೆಲ್ ಇರುವ ರೈಫಲ್ ಹತ್ತು ಗುಂಡನ್ನು ಮೂರು ಎಂಒಎ ಒಳಗೆ, ಅಂದರೆ 100 ಮೀಟರಿನಲ್ಲಿ 87 ಮಿ.ಮೀ. ಒಳಗೆ ಇಟ್ಟರೆ ನಾನು ಸಂತೋಷಪಡುತ್ತೇನೆ.

ಧಾರವಾಡದವ

ಬೆಂಚ್ ಮ್ಯಾಲ ರೈಫಲ್ ಹೆಂಗ ಇಡ್ತೀರಿ ಅನ್ನೋದೂ ಮುಖ್ಯ. ಮರಳುಚೀಲ ಎಡಗೈ ಹಿಡಿಯೋ ಜಾಗದಾಗ, ಫೋರ್‌ಎಂಡಿನ ನಡುವ ಇರಲಿ. ಮೂತಿ ಕಡೆ ಇಟ್ರ ಆರ್ಮರರ್ ಸರ್ ಹೇಳಿದ ಆ ಐದು ಪೌಂಡಿನ ಒತ್ತು ಕೆಡ್ತದ, ಬ್ಯಾರೆಲ್ ಚೀಲದ ಮ್ಯಾಲ ಕೂತ್ರಂತೂ ಗುಂಡು ಎಲ್ಲೋ ಹೋಗ್ತದ. ಸ್ಲಿಂಗಿನ ಕೊಂಡಿ ಚೀಲಕ್ಕ ತಾಕಬಾರದು. ಬ್ಯಾರೆಲ್ಲಿಗೆ ಕಟ್ಟೋ ನಮೂನಿ ಕ್ರೋನೋಗ್ರಾಫ್ ಇದ್ರ ವೇಗ ಬ್ಯಾರೆ ಅಳೀರಿ, ಗ್ರೂಪ್ ಬ್ಯಾರೆ ಹಾಕ್ರಿ. ಅದರ ಭಾರಕ್ಕ ಗುಂಡು ಬೀಳೋ ಜಾಗ ಬದಲಾಗ್ತದ.

ಮತ್ತ ಈ ಆಕ್ಷನ್ನಿಂದು ಒಂದು ವಿಶೇಷ. ಬೋಲ್ಟ್ ಹಿಂದ ಬೀಗ ಬೀಳೋದಕ್ಕ ಹೊಡೆದಾಗ ರಿಸೀವರ್ ಮಣೀತದ, ವೇಗ ಕಡಿಮಿ ಇರೋ ಗುಂಡು ಮೂತಿ ಸ್ವಲ್ಪ ಮ್ಯಾಲ ಎದ್ದಾಗ ಹೊರಗ ಬೀಳ್ತದ. ಹಂಗಾಗಿ 900-1000 ಗಜದಾಗ ಲೀ-ಎನ್‌ಫೀಲ್ಡ್ ಭಾಳ ಛಲೋ ಹೊಡೀತದ ಅಂತ ಬ್ರಿಟನ್ನಿನ ಬಿಸ್ಲಿ ರೇಂಜಿನ ಕಡೆಯವರಿಗೆ ಮೊದಲಿಂದ ಗೊತ್ತು. 100 ಮೀಟರಿನ ಗ್ರೂಪ್ ಒಂದನ್ನ ನೋಡಿ ಈ ರೈಫಲ್‌ಗೆ ತೀರ್ಪು ಕೊಡಬ್ಯಾಡ್ರಿ.

ಆರ್ಮರರ್_ಹಾಸನ

ಇನ್ನು ಉಳಿದದ್ದು ಮ್ಯಾಗಜೀನ್. ಇದನ್ನು ಮನೆಯಲ್ಲಿ ಜೀವಂತ ತೋಟಾ ಹಾಕಿ ನೋಡಲೇಬಾರದು. ಡಮ್ಮಿ ತೋಟಾ ಹತ್ತು ಕೊಳ್ಳಿ. ಪೂರ್ತಿ ತುಂಬಿದಾಗ ಮಾತ್ರ ಮೊದಲನೆಯದು ಸಿಕ್ಕಿಕೊಳ್ಳುತ್ತದೆ ಎಂದಿರಿ. ತುಂಬಿದಾಗ ಸ್ಪ್ರಿಂಗಿನ ಒತ್ತು ಅತಿ ಹೆಚ್ಚು, ತೋಟಾ ಮ್ಯಾಗಜೀನಿನ ತುಟಿಗಳಿಗೆ ಬಿಗಿಯಾಗಿ ಒತ್ತಿಕೊಂಡು ಮೂತಿ ತಗ್ಗಿಸುತ್ತದೆ, ಗುಂಡು ಫೀಡ್ ರ‍್ಯಾಂಪಿಗೆ ತಾಗುತ್ತದೆ. ಒಂಬತ್ತೇ ತುಂಬಿದಾಗ ಸರಿಯಾಗಿ ಓಡಿದರೆ ಕಾರಣ ಇದೇ. ಎರಡನೇ ಮ್ಯಾಗಜೀನಿನಲ್ಲೂ ಹೀಗೇ ಆಗುತ್ತದೆಯೇ ನೋಡಿ. ಆಗದಿದ್ದರೆ ಮೊದಲನೆಯದನ್ನು ಬದಲಿಸಿಕೊಳ್ಳಿ. ಎರಡರಲ್ಲೂ ಆದರೆ ಮ್ಯಾಗಜೀನ್ ಕೂರುವ ಎತ್ತರವೋ ಕ್ಯಾಚೋ ತಪ್ಪಿದೆ. ಇಕ್ಕಳ ತೆಗೆದುಕೊಂಡು ತುಟಿ ಬಗ್ಗಿಸುವುದು ಮಾತ್ರ ಬೇಡ.

ಖಾಲಿ ಕೇಸು ಹೊರಬೀಳುವುದನ್ನೂ ಗಮನಿಸಿ. ಮೂಲ ನಂ. 4ರಲ್ಲಿ ಕೇಸನ್ನು ಚಿಮ್ಮಿಸುವುದು ರಿಸೀವರಿನ ಎಡಗೋಡೆಯ ಸಣ್ಣ ಸ್ಕ್ರೂ. 7.62ರ ಕೇಸಿಗೆ ರಿಮ್ ಚಾಚಿಲ್ಲ, ಆ ಸ್ಕ್ರೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಬ್ರಿಟಿಷರ 7.62 ಮ್ಯಾಗಜೀನಿನ ಎಡ ಹಿಂತುಟಿಯನ್ನೇ ಗಟ್ಟಿಮಾಡಿ ಇಜೆಕ್ಟರ್ ಮಾಡಿದ್ದರು. ನಿಮ್ಮದರಲ್ಲೂ ಹಾಗಿದ್ದರೆ ಮ್ಯಾಗಜೀನ್ ಇಲ್ಲದೆ ಒಂದೊಂದೇ ಹೊಡೆಯುವಾಗ ಕೇಸು ಚಿಮ್ಮದೆ ಬೋಲ್ಟಿನ ಮೇಲೇ ಕೂರುತ್ತದೆ. ಅದು ದೋಷವಲ್ಲ, ಖಾಲಿ ಮ್ಯಾಗಜೀನ್ ಸಿಕ್ಕಿಸಿಕೊಂಡು ಒಂದೊಂದೇ ತುಂಬಿ ಹೊಡೆಯಿರಿ.

ಕಾವೇರಿಮಗ (ಮಡಿಕೇರಿ)

ಇದೇ ಪರೀಕ್ಷೆಗಳು ನಮ್ಮ ಕಡೆಯ ರೈಫಲ್‌ಗಳಿಗೂ ಆಗುತ್ತವೆಯೇ? ಇಲ್ಲಿ 7.62 ಸಿಗುವುದಿಲ್ಲ. ಹೊಸದಾಗಿ .315 ಬೋರಿನ ರೈಫಲ್ ತೆಗೆದುಕೊಂಡವರು ಇದ್ದಾರೆ, ಅವರಿಗೆ ಹೇಳಲು ಕೇಳುತ್ತಿದ್ದೇನೆ.

ಮಾಡರೇಟರ್

ಭಾರತದಲ್ಲಿ .303, 7.62×51 ಎರಡೂ ನಿಷೇಧಿತ ಬೋರ್, ನಾಗರಿಕರಿಗೆ ಸಾಮಾನ್ಯವಾಗಿ ಲೈಸೆನ್ಸ್ ಸಿಗುವುದಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಬಂದೂಕು ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, 2029ರವರೆಗೆ ಮುಂದುವರಿಸಿದೆ. ಅದೂ ನಿಗದಿತ ಬಗೆಯ ಬಂದೂಕುಗಳಿಗೆ ಮಾತ್ರ, ನಿಷೇಧಿತ ಬೋರ್ ಅದರಲ್ಲಿ ಬರುವುದಿಲ್ಲ.

ಆರ್ಮರರ್_ಹಾಸನ

ಇಛಾಪುರದ ರೈಫಲ್ ಕಾರ್ಖಾನೆಯ .315 ಲೀ-ಎನ್‌ಫೀಲ್ಡ್ ಆಕ್ಷನ್ನಿನದ್ದೇ, ಆದ್ದರಿಂದ ಲಗ್ಗು, ಡ್ರಾ, ಸ್ಕ್ರೂ, ಕೇಸು ನೋಡುವ ಕ್ರಮ ಎಲ್ಲ ಅದೇ. ಇದೇ ಕಾರ್ಖಾನೆ 1962ರ ಯುದ್ಧದ ನಂತರ ಹಳೆಯ ಮಾರ್ಕ್ 3 ವಿನ್ಯಾಸವನ್ನು ಉತ್ತಮ ಉಕ್ಕಿನಲ್ಲಿ 7.62ಕ್ಕೆ ಹೊಂದಿಸಿ 2ಎ, 2ಎ1 ರೈಫಲ್ ಮಾಡಿತು. ಆದರೆ .315 ರಿಮ್ ಇರುವ ತೋಟಾ, ಹೆಡ್‌ಸ್ಪೇಸ್ ಲೆಕ್ಕ ರಿಮ್ಮಿನ ಮೇಲೆ. ಮೇಲೆ ನಾನು ಕೊಟ್ಟ ಗೇಜ್ ಅಳತೆ ಅದಕ್ಕೆ ಹೊಂದುವುದಿಲ್ಲ. ಮೂತಿಯ ಒತ್ತಿನ 2-7 ಪೌಂಡ್ ಕೂಡ ನಂ. 4ರ ಅಳತೆ, .315ರ ಗಿಡ್ಡ ಫೋರ್‌ಎಂಡಿಗೆ ಅನ್ವಯಿಸುವುದಿಲ್ಲ.

ಬಿದಿರುಮೆಳೆ

ಎಲ್ಲರಿಗೂ ಧನ್ಯವಾದ. ಬ್ಯಾಂಡ್ ಸ್ಕ್ರೂ ಸಡಿಲಿಸಿ ಹೊಡೆದಾಗ ಏರಿಕೆ ಅರ್ಧಕ್ಕಿಂತ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಬಲಗಡೆಯ ಗುರುತು ಬ್ಲೂನಲ್ಲಿ ಸ್ಪಷ್ಟವಾಗಿ ಬಂದಿದೆ. ಇನ್ನೊಂದು ಮ್ಯಾಗಜೀನಿನಲ್ಲಿ ಹತ್ತೂ ಸರಾಗವಾಗಿ ಓಡಿದವು. ಬ್ಲೇಡ್ ಈಗಲೇ ಬದಲಿಸಲೇ?

ಆರ್ಮರರ್_ಹಾಸನ

ಬೇಡ. ಮರ ಸರಿಹೋದ ಮೇಲೆ ಗ್ರೂಪಿನ ನಡುಬಿಂದು ಖಂಡಿತ ಜರುಗುತ್ತದೆ. ಮೊದಲು ಆ ಗುರುತು ತೆಗೆದು, ಎಣ್ಣೆ ಕುಡಿಸಿ, ಮರ ಒಣಗಲು ಬಿಡಿ. ಆಮೇಲೆ ಮೇಷ್ಟ್ರು ಹೇಳಿದ ಹಾಗೆ ಹತ್ತರ ಎರಡು ಗ್ರೂಪು ಹಾಕಿ, ಆಗ ಬಂದ ಅಳತೆಗೆ ಬ್ಲೇಡ್ ತರಿಸಿ. ನೂರು ಗುಂಡು ಆದ ಮೇಲೆ ನೋ-ಗೋ ಗೇಜ್ ಇನ್ನೊಮ್ಮೆ ಹಾಕಿ ನೋಡಿ, ಹೊಸ ಲಗ್ಗುಗಳು ಕೂತುಕೊಳ್ಳುವ ಹೊತ್ತು ಅದು.